ಶುಂಠಿ ಹುಳಿಸಿ ರಮ್ ಬೆರೆಸಿದ್ದು

ಡಾರ್ಕ್ ಆಂಡ್ ಸ್ಟಾರ್ಮಿ ಅನ್ನುವ ಕಾಕ್‌ಟೇಲಿಗೆ ಬೇಕಾಗುವುದು ಮೂರೇ ಸಾಮಾನು: ಕಪ್ಪು ರಮ್, ಶುಂಠಿ ಹುಳಿಸಿ ಮಾಡುವ ಜಿಂಜರ್ ಬಿಯರ್, ಲಿಂಬೆ. ರಮ್ ಕಾರವಾರದ ಯಾವ ವೈನ್ ಶಾಪಿಗೆ ಹೋದರೂ ಸಿಗುತ್ತದೆ. ಲಿಂಬೆ ಭಾನುವಾರದ ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ನಾನು ಒದ್ದಾಡಿದ್ದೆಲ್ಲ ಜಿಂಜರ್ ಬಿಯರ್‌ಗಾಗಿ. ಮೊದಲು ಅಂಗಡಿಯಿಂದ ಜಿಂಜರ್ ಏಲ್ ತಂದು ಬೆರೆಸಿ ನೋಡಿದೆ. ಬರೀ ಸಿಹಿ ಸೋಡಾಕ್ಕೆ ರಮ್ ಸುರಿದ ಹಾಗಾಯಿತು, ಗಂಟಲಿಗೆ ಖಾರವೇ ತಾಗಲಿಲ್ಲ. ಮನೆಯಲ್ಲೇ ಹುಳಿಸೋಣ ಅಂತ ಅವತ್ತೇ ತೀರ್ಮಾನಿಸಿದೆ.

ಶಿರಸಿ ಕಡೆ ಭಾವ ಶುಂಠಿ ಬೆಳೆಯುತ್ತಾನೆ. ಫೋನ್ ಮಾಡಿ, "ಭಾವಾ, ಒಂದು ಕಿಲೋ ಬೇಕಿತ್ತು, ತೊಳೀಬೇಡ, ಮಣ್ಣು ಕೊಡವಿ ಕೊಟ್ರೆ ಸಾಕು" ಅಂದೆ. ಸಿಪ್ಪೆಯ ಮೇಲೇ ಕಾಡು ಯೀಸ್ಟ್ ಇರುತ್ತದೆ, ಹುಳಿಸುವುದು ಅದೇ. ಉಜ್ಜಿ ತೊಳೆದು ಹೊಳಪು ಬಂದ ಪೇಟೆ ಶುಂಠಿಯಲ್ಲಿ ನನಗೆ ಎರಡು ಸಲ ಗುಳ್ಳೆಯೇ ಏಳಲಿಲ್ಲ. ಭಾವ ಕೊಟ್ಟಿದ್ದು ಸಣ್ಣ ಗೆಣ್ಣಿನ ನಾಟಿ ಶುಂಠಿ, ನಾರು ಹೆಚ್ಚು, ಖಾರವೂ ಹೆಚ್ಚು. ದಪ್ಪ ಗೆಡ್ಡೆಯ, ನೀರು ತುಂಬಿದ ಶುಂಠಿಗಿಂತ ಈ ಕೆಲಸಕ್ಕೆ ನಾನು ಅದನ್ನೇ ಆರಿಸುತ್ತೇನೆ.

ಹೆಪ್ಪು ಮಾಡುವುದು ಸುಲಭ. ಎರಡು ಕಪ್ ನೀರಿಗೆ ಸಿಪ್ಪೆ ಸಮೇತ ತುರಿದ ಶುಂಠಿ ಎರಡು ಚಮಚ, ಸಕ್ಕರೆ ಎರಡು ಚಮಚ. ನಲ್ಲಿ ನೀರಿನ ಕ್ಲೋರಿನ್ ಯೀಸ್ಟಿಗೆ ಆಗಿಬರುವುದಿಲ್ಲ, ಹಾಗಾಗಿ ಕುದಿಸಿ ಆರಿಸಿದ ನೀರನ್ನೇ ಹಾಕುತ್ತೇನೆ. ಬಾಯಿಗೆ ಬಟ್ಟೆ ಕಟ್ಟಿ, ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಸೇರಿಸಿ ಕಲಕಬೇಕು. ನಮ್ಮ ಸೆಕೆಗೆ ನಾಲ್ಕನೇ ದಿನ ಬೆಳಿಗ್ಗೆ ಅದು ಎದ್ದಿರುತ್ತದೆ. ತುರಿಯೆಲ್ಲ ಮೇಲೆ ತೇಲಿ, ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ ಸಾಲುಗಟ್ಟಿ, ಕಿವಿ ಹತ್ತಿರ ತಂದರೆ ಸಣ್ಣಗೆ ಚುರುಗುಡುವ ಸದ್ದು. ಆ ಸದ್ದು ಕೇಳಿದ ಮೇಲೆಯೇ ನಾನು ಮುಂದಿನ ಪಾತ್ರೆ ಒಲೆಗಿಡುವುದು.

ಒಂದೂವರೆ ಲೀಟರ್ ನೀರಿಗೆ 100 ಗ್ರಾಂ ಶುಂಠಿ ತುರಿ, 150 ಗ್ರಾಂ ಸಕ್ಕರೆ ಹಾಕಿ ಹತ್ತು ನಿಮಿಷ ಕುದಿಸಿ, ಪೂರ್ತಿ ಆರಿದ ಮೇಲೆ ಸೋಸಿ, ಎರಡು ಲಿಂಬೆ ಹಿಂಡಿ, ಕಾಲು ಕಪ್ ಹೆಪ್ಪು ಬೆರೆಸುತ್ತೇನೆ. ಬಿಸಿಯಿದ್ದಾಗ ಬೆರೆಸಿದರೆ ಯೀಸ್ಟ್ ಸತ್ತೇ ಹೋಗುತ್ತದೆ. ಒಮ್ಮೆ ಸಕ್ಕರೆಯ ಬದಲು ಅಂಕೋಲೆಯ ಜೋನಿ ಬೆಲ್ಲ ಹಾಕಿದೆ. ರಮ್ಮೂ ಕಬ್ಬಿನ ಕಾಕಂಬಿಯದ್ದೇ, ಹೊಂದಬಹುದು ಅಂದುಕೊಂಡಿದ್ದೆ. ಪರಿಮಳವೇನೋ ಚೆನ್ನಾಗಿತ್ತು, ಆದರೆ ಶುಂಠಿ ಅದರಡಿಯಲ್ಲಿ ಮುಚ್ಚಿಹೋಯಿತು. ಈಗ ಎರಡೇ ಚಮಚ ಹಾಕುತ್ತೇನೆ, ಉಳಿದದ್ದು ಸಕ್ಕರೆ.

ಬಾಟಲಿಯ ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಮೊದಲ ಬೇಸಿಗೆಯಲ್ಲಿ ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಎರಡು ದಿನ ಊರಿಗೆ ಹೋಗಿದ್ದೆ. ವಾಪಸ್ ಬಂದು ನೋಡಿದರೆ ಅಡುಗೆಮನೆಯ ಕಪಾಟಿನ ಬಾಗಿಲಿಗೆಲ್ಲ ಗಾಜಿನ ಚೂರು ನಾಟಿತ್ತು. ಮನೆಯಲ್ಲಿ ಮಕ್ಕಳಿದ್ದರೆ ಏನಾಗುತ್ತಿತ್ತೋ. ಅಲ್ಲಿಂದೀಚೆ ಪ್ಲಾಸ್ಟಿಕ್ ಸೋಡಾ ಬಾಟಲಿಯೇ. ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ತುಂಬುವುದು, ಬೆಳಿಗ್ಗೆ ಸಂಜೆ ಹಿಚುಕಿ ನೋಡುವುದು. ಬಾಟಲಿ ಕಲ್ಲಿನಂತೆ ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ಮೇ ತಿಂಗಳಲ್ಲಿ ಒಂದೇ ದಿನ ಸಾಕು, ಮಳೆಗಾಲದಲ್ಲಿ ಎರಡು ದಿನ. ಫ್ರಿಜ್ಜಿನಲ್ಲೂ ಅದು ನಿಧಾನಕ್ಕೆ ಹುಳಿಯುತ್ತಲೇ ಇರುತ್ತದೆ, ವಾರದೊಳಗೆ ಮುಗಿಸಬೇಕು. ತುಸು ಮದ್ಯಾಂಶವೂ ಬಂದಿರುತ್ತದೆ, ಮಕ್ಕಳಿಗೆ ಕೊಡುವಂಥದ್ದಲ್ಲ.

ಡಾರ್ಕ್ ಆಂಡ್ ಸ್ಟಾರ್ಮಿ ಬರ್ಮುಡಾ ದ್ವೀಪದ್ದು. ಅಲ್ಲಿಯ ಗಾಸ್ಲಿಂಗ್ಸ್ ಕಂಪನಿ ಹೆಸರಿಗೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದೆ, ಅವರ ಬ್ಲ್ಯಾಕ್ ಸೀಲ್ ರಮ್ಮಿನಿಂದ ಮಾಡಿದ್ದೇ ಅಸಲಿ ಅನ್ನುತ್ತಾರೆ. ನನ್ನ ಮನೆಯಲ್ಲಿ ಓಲ್ಡ್ ಮಾಂಕ್. ಅದರ ವೆನಿಲ್ಲಾದಂಥ ಪರಿಮಳ ನಾಟಿ ಶುಂಠಿಯ ಖಾರಕ್ಕೆ ಚೆನ್ನಾಗಿ ಒಗ್ಗುತ್ತದೆ.

ಎತ್ತರದ ಗ್ಲಾಸಿಗೆ ಬಾಯಿಮಟ್ಟ ಐಸ್, ಅರ್ಧ ಲಿಂಬೆಯ ರಸ, 120 ಎಂಎಲ್ ಜಿಂಜರ್ ಬಿಯರ್. ಆಮೇಲೆ 60 ಎಂಎಲ್ ರಮ್ಮನ್ನು ಚಮಚದ ಬೆನ್ನ ಮೇಲಿಂದ ನಿಧಾನಕ್ಕೆ ಇಳಿಬಿಡಬೇಕು. ಸಕ್ಕರೆಯ ನೀರು ಭಾರ, ರಮ್ ಹಗುರ. ಅದಕ್ಕೇ ರಮ್ ಮೇಲೆಯೇ ನಿಲ್ಲುತ್ತದೆ, ಕಂದು ಎಳೆಗಳು ಮಾತ್ರ ಐಸಿನ ಸಂದಿಯಲ್ಲಿ ಕೆಳಗಿಳಿಯುತ್ತವೆ. ಜೂನ್ ಮೊದಲ ವಾರ ಕೋಡಿಬಾಗದಲ್ಲಿ ನಿಂತರೆ ಸಮುದ್ರದ ಮೇಲೆ ಮೋಡ ಇಳಿಯುವುದು ಹೀಗೇ. ನಾನು ಕಲಕುವುದಿಲ್ಲ. ಮೊದಲ ಗುಟುಕಿಗೆ ರಮ್ ಸಿಗಬೇಕು, ಖಾರ ಅದರ ಹಿಂದಿನಿಂದ ಬರಬೇಕು.

ಕಳೆದ ಮಳೆಗಾಲದಲ್ಲಿ ಭಾವ ಬಂದಿದ್ದ. ಅರ್ಧ ಗ್ಲಾಸ್ ಕುಡಿದು ಕೆಳಗಿಟ್ಟು, "ಇದು ನಮ್ಮ ಮೇಲಿನ ಗದ್ದೆ ಶುಂಠಿನೇ" ಅಂದ. ಹೆಪ್ಪಿನಲ್ಲಿ ಉಳಿದದ್ದನ್ನು ಸಣ್ಣ ಶೀಸೆಗೆ ಹಾಕಿ ಅವನ ಜೊತೆ ಶಿರಸಿಗೆ ಕಳಿಸಿದೆ.