ಪಾವಗಡಕ್ಕೆ ದೈತ್ಯ ರೋಬೋಟ್ ಇಳಿಸಿದ ನನ್ನ ಅನುಭವ

ಗ್ರಾಫಿಕ್ಸ್ ಇಲ್ಲದೆ ದೈತ್ಯ ರೋಬೋಟ್ ತೋರಿಸೋಕೆ ಆಗಲ್ಲ ಅಂತ ಎರಡು ವರ್ಷ ಕೇಳಿಸಿಕೊಂಡೆ. ಕ್ಯಾಮೆರಾ ಹಿಡಿಯುವ ಗೆಳೆಯರು ಹೇಳಿದರು, ಎಡಿಟಿಂಗ್ ಮಾಡುವವರು ಹೇಳಿದರು, ಗೊಂಬೆ ಅಂದ ಕೂಡಲೇ ನಕ್ಕವರೂ ಇದ್ದಾರೆ. ಈಗ ಹದಿನಾಲ್ಕು ನಿಮಿಷದ ಕಿರುಚಿತ್ರ ಮುಗಿದಿದೆ. ಅದರಲ್ಲಿ ಅನ್ಯಗ್ರಹದ ರೋಬೋಟ್‌ಗಳು 160 ಅಡಿ ಎತ್ತರ ಕಾಣುತ್ತವೆ, ನೆಲ ಅದುರುವ ಹಾಗೆ ನಡೆಯುತ್ತವೆ. ನೋಡಿದವರಲ್ಲಿ ಅರ್ಧ ಜನ ಯಾವ ಸಾಫ್ಟ್‌ವೇರ್ ಬಳಸಿದ್ರಿ ಅಂತ ಕೇಳಿದರು. ನಾನು ಬಳಸಿದ್ದು ಗಾರುಡಿ ಗೊಂಬೆ. ದಸರಾ ಮೆರವಣಿಗೆಯಲ್ಲಿ ಹೋಗುತ್ತದಲ್ಲ, ಅದೇ ತಟ್ಟಿರಾಯ.

ಕಥೆ ಚಿಕ್ಕದು. ರೋಬೋಟ್‌ಗಳು ಭೂಮಿಗೆ ಬಂದು ದೊಡ್ಡ ಊರುಗಳನ್ನೆಲ್ಲ ಮುಗಿಸಿ ಆಗಿದೆ. ಅವಕ್ಕೆ ಈಗ ಬೇಕಿರುವುದು ಕರೆಂಟು. ಹಾಗಾಗಿ ಪಾವಗಡದ ಸೋಲಾರ್ ಪಾರ್ಕಿಗೆ ಬರುತ್ತವೆ. 2,050 ಮೆಗಾವಾಟ್, ಸುಮಾರು 13 ಸಾವಿರ ಎಕರೆ, ಐದು ಹಳ್ಳಿಯ ಜಮೀನು. ಅದನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ, ಅಂದರೆ ಮಣ್ಣು ಇನ್ನೂ ಅವರದೇ. ಬದುಕುಳಿದ ಹಳ್ಳಿಯವರು ಆ ಜಾಗ ಬಿಟ್ಟು ಓಡದೆ ಇರುವುದಕ್ಕೆ ನನಗೆ ಇಷ್ಟು ಕಾರಣ ಸಾಕಾಯಿತು. ಬಂದೂಕು, ಮಿಸೈಲ್ ಏನೂ ಇಲ್ಲ. ಹಗಲೆಲ್ಲ ಬಂಡೆ ಸಂದಿಯಲ್ಲಿ ಅಡಗಿರುತ್ತಾರೆ, ರಾತ್ರಿ ಬಂದು ಪ್ಯಾನೆಲ್ ಮೇಲೆ ಕೆಮ್ಮಣ್ಣು ಎರಚುತ್ತಾರೆ. ಧೂಳು ಕೂತರೆ ಪ್ಯಾನೆಲ್ ಕರೆಂಟು ಕಡಿಮೆ ಕೊಡುತ್ತದೆ, ಅದಕ್ಕೇ ಅಲ್ವಾ ಅವನ್ನು ತೊಳೆಯುತ್ತಾ ಇರೋದು. ಬೆಳಿಗ್ಗೆ ರೋಬೋಟ್ ಏಳುವುದು ದಿನದಿಂದ ದಿನಕ್ಕೆ ನಿಧಾನವಾಗುತ್ತದೆ. ಅದಕ್ಕೂ ಇದು ತಿಳಿಯುವಷ್ಟರಲ್ಲಿ ಅರ್ಧ ಪಾರ್ಕು ಕೆಂಪಾಗಿರುತ್ತದೆ.

ಇದನ್ನು ಮೊದಲು 3ಡಿ ಗ್ರಾಫಿಕ್ಸ್ ಸಾಫ್ಟ್‌ವೇರ್ ಆದ ಬ್ಲೆಂಡರ್‌ನಲ್ಲೇ ಶುರು ಮಾಡಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು, ಅಂದರೆ 24 ಚಿತ್ರ. ಒಂದು ಫ್ರೇಮು ತಯಾರಾಗೋಕೆ ಹತ್ತು ನಿಮಿಷ ಅಂತ ಹಿಡಿದರೂ ಐದು ಸೆಕೆಂಡಿನ ಶಾಟಿಗೆ ಇಪ್ಪತ್ತು ಗಂಟೆ. ಮಧ್ಯೆ ಕರೆಂಟು ಹೋಗುತ್ತದೆ, ಬೇಸಿಗೆಯಲ್ಲಿ ಲ್ಯಾಪ್‌ಟಾಪು ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಇಷ್ಟಾದರೂ ಸಹಿಸಬಹುದಿತ್ತು. ಆದರೆ ರೋಬೋಟಿಗೆ ತೂಕವೇ ಬರಲಿಲ್ಲ, ಕಾಲು ನೆಲದ ಮೇಲೆ ಜಾರುತ್ತಿತ್ತು. ಬೆಂಗಳೂರಿನ ಒಂದು ಸ್ಟುಡಿಯೋದವರನ್ನು ಕೇಳಿದೆ, ಒಂದು ಶಾಟಿಗೆ 40 ಸಾವಿರ ಅಂದರು. ಇನ್ನೊಬ್ಬರು ಕಡಿಮೆಗೆ ಒಪ್ಪಿ 15 ಸಾವಿರ ಮುಂಗಡ ತೆಗೆದುಕೊಂಡು, ನಾಲ್ಕು ತಿಂಗಳಾದ ಮೇಲೆ ಬಣ್ಣವೂ ಇಲ್ಲದ ಒಂದು ಬೂದು ಆಕಾರ ಕಳಿಸಿ ಫೋನ್ ಎತ್ತುವುದನ್ನು ಬಿಟ್ಟರು. ಆ ದುಡ್ಡು ಹೋಯಿತು.

ಆಮೇಲೆ ಥರ್ಮಾಕೋಲ್. ಏಳು ಅಡಿ ರೋಬೋಟ್ ಕೊರೆದೆವು. ಸ್ಪ್ರೇ ಪೇಂಟು ಅದನ್ನು ತಿನ್ನುತ್ತದೆ ಅಂತ ನಿಮಗೆಲ್ಲ ಗೊತ್ತು, ಹಾಗಾಗಿ ಫೆವಿಕಾಲ್ ಎರಡು ಕೋಟ್ ಬಳಿದೇ ಬಣ್ಣ ಹೊಡೆದದ್ದು. ನೋಡೋಕೆ ಕಬ್ಬಿಣವೇ. ಹೊಲದಲ್ಲಿ ನಿಲ್ಲಿಸಿದ ಕೂಡಲೇ ಗಾಳಿಗೆ ನಡುಗಲು ಶುರು. ಸೆಕೆಂಡಿಗೆ ಎಷ್ಟು ಫ್ರೇಮು ತೆಗೆದು ನಿಧಾನ ಮಾಡಿದರೂ ಆ ನಡುಕ ಹಗುರ ವಸ್ತುವಿನ ನಡುಕವೇ. ಪಾವಗಡದ ಗಾಳಿ ಹೇಗಿರುತ್ತದೆ ಅಂತ ಅಲ್ಲಿಯವರಿಗೆ ಗೊತ್ತು. ಅದಕ್ಕೆ ಒಂದು 6 ಸಾವಿರ ಹೋಯಿತು. ಮಧ್ಯೆ ಹಳೆ ಮಿಕ್ಸಿ, ರೇಡಿಯೋ ಬಿಡಿಭಾಗಗಳಿಂದ ಒಂದಡಿ ರೋಬೋಟ್ ಮಾಡಿ ಸ್ಟಾಪ್ ಮೋಷನ್ ಕೂಡ ನೋಡಿದೆ, ಅಂದರೆ ಗೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಫೋಟೋ ತೆಗೆದು ಜೋಡಿಸುವುದು. ಚೆನ್ನಾಗಿಯೇ ಬಂತು, ಆದರೆ ಪ್ರತಿ ಚಿತ್ರವೂ ಚೂಪಾಗಿ ಇರುವುದರಿಂದ ಚಲನೆಯ ಮಸುಕು ಇರುವುದಿಲ್ಲ, ಜರ್ಕ್ ಹೊಡೆಯುತ್ತದೆ. ಆ ಪುಟ್ಟದನ್ನು ಚಿತ್ರದಲ್ಲಿ ಒಂದು ಕಡೆ ಬಳಸಿದ್ದೇನೆ, ಯಾರೂ ಇನ್ನೂ ಕಂಡುಹಿಡಿದಿಲ್ಲ.

ಗೊಂಬೆಯ ಯೋಚನೆ ಬಂದದ್ದು ತೂಕದ ಚಿಂತೆಯಿಂದಲೇ. ತಟ್ಟಿರಾಯ ಹತ್ತು ಅಡಿ ಎತ್ತರ ಇರುತ್ತದೆ, ಒಳಗೆ ಪೂರ್ತಿ ಟೊಳ್ಳು, ಬಿದಿರಿನ ಕಟ್ಟು. ಮನುಷ್ಯ ಒಳಗೆ ನಿಂತು ಹೆಗಲ ಮೇಲೆ ಹೊರುತ್ತಾನೆ, ಹೊಟ್ಟೆಯ ಹತ್ತಿರದ ಕಿಂಡಿಯಿಂದ ನೋಡುತ್ತಾನೆ. ಅದು ಹೊರಳಿದರೆ ನಿಜವಾದ ಭಾರ ಹೊರಳುತ್ತದೆ, ನಿಂತರೆ ಆ ಭಾರ ನಿಲ್ಲಲು ಒಂದು ಕ್ಷಣ ಜಾಸ್ತಿ ತೆಗೆದುಕೊಳ್ಳುತ್ತದೆ. ಬ್ಲೆಂಡರಿನಲ್ಲಿ ತಿಂಗಳುಗಟ್ಟಲೆ ಒಂದೊಂದೇ ಭಂಗಿ ಕೂರಿಸಿ ನಾನು ಹುಡುಕುತ್ತಿದ್ದದ್ದು ಆ ಒಂದು ಕ್ಷಣವನ್ನೇ.

ಮೇದಾರರ ಹತ್ತಿರ ದಬ್ಬೆಯ ಕಟ್ಟು ಹೆಣೆಸಿದೆ, ಸುಮಾರು ಮೂರೂವರೆ ಸಾವಿರ. ಅದರ ಮೇಲೆ ಫೋಮ್ ಶೀಟು, 10 ಎಂಎಂ ಮತ್ತು 5 ಎಂಎಂ. ಶೀಟು, ಅಂಟು, ಹೀಟ್ ಗನ್ ಎಲ್ಲ ಸೇರಿ 12 ಸಾವಿರದ ಹತ್ತಿರ. ಅಂಚುಗಳಿಗೆ ಅಲ್ಯೂಮಿನಿಯಂ ಪಟ್ಟಿ ಹಾಕಿದ್ದು ಕಬ್ಬಿಣದ ಅಂಗಡಿಯ ಕಟಿಂಗ್ ಚೂರುಗಳಿಂದ, ಅವು ತೂಕದ ಲೆಕ್ಕದಲ್ಲಿ ಸಿಕ್ಕವು. ಒಟ್ಟು 28 ಕೆಜಿ ಇದ್ದೀತು. ಇನ್ನೂ ಹಗುರ ಮಾಡಬಹುದಿತ್ತು, ಬೇಕಂತಲೇ ಮಾಡಲಿಲ್ಲ. ಕಾಲು ಗಿಡ್ಡ ಆಗುತ್ತದೆ ಅಂತ ಎಲ್ಲರೂ ತಕರಾರು ತೆಗೆದರು, ಯಾಕೆಂದರೆ ಹೊತ್ತವನ ಕಾಲೇ ರೋಬೋಟಿನ ಕಾಲು. ನಾನು ಸೊಂಟದಿಂದ ಕೆಳಗೆ ದಪ್ಪ ಪದರಗಳನ್ನು ಇಳಿಬಿಟ್ಟೆ. ಗಿಡ್ಡ ಕಾಲು, ದೊಡ್ಡ ಮೈ ಇದ್ದಷ್ಟೂ ತೂಕ ಜಾಸ್ತಿ ಕಾಣುತ್ತದೆ. ಉದ್ದ ಕಾಲಿನ ರೋಬೋಟ್ ನನಗೆ ಯಾವತ್ತೂ ಭಯ ಹುಟ್ಟಿಸಿಲ್ಲ. ಮೊಣಕಾಲಿನ ಕೀಲಿಗೆ ಏನು ಹಾಕಿದ್ದೇನೆ, ಅದು ಹೇಗೆ ಕುಸಿದು ನಿಲ್ಲುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ಚಿತ್ರಕ್ಕೆ ಬೇಕು.

ಹೊರಲು ಸಿಕ್ಕವನು ಮಂಡಿಯಲ್ಲಿ ಹಮಾಲಿ ಕೆಲಸ ಮಾಡುವ ಹುಡುಗ. ಮೂಟೆ ಹೊತ್ತ ಹೆಗಲು. ಆದರೂ ಮೊದಮೊದಲು ಮನುಷ್ಯ ನಡೆದ ಹಾಗೇ ನಡೆಯುತ್ತಿದ್ದ. ಮಂಡ್ಯ ಕಡೆಯ ಹಿರಿಯ ಗೊಂಬೆ ಕಲಾವಿದರೊಬ್ಬರನ್ನು ಬಸ್ ಚಾರ್ಜು, ಊಟ, ಎರಡು ದಿನದ ಸಂಭಾವನೆ ಕೊಟ್ಟು ಕರೆಸಿದೆ. ಅವರು ಒಂದು ಸಲ ನೋಡಿ, "ಕಾಲ್ನ ಆಮೇಲೆ ನೋಡ್ಕಳಪ್ಪ, ಮೊದ್ಲು ಹೆಗ್ಲು ಹೊರಳ್ಸು" ಅಂದರು. ಹೆಗಲು ಮೊದಲು ಒಂದು ಕಡೆಗೆ ವಾಲಬೇಕು, ಭಾರ ಆ ಕಾಲಿಗೆ ಪೂರ್ತಿ ಇಳಿದ ಮೇಲೆ ಇನ್ನೊಂದು ಕಾಲು ಎತ್ತಬೇಕು. ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ನಮ್ಮ ಹುಡುಗ ಹಿಡಿದುಬಿಟ್ಟ. ಆ ಅಣ್ಣನಿಗೆ ಕೊಟ್ಟ ದುಡ್ಡಿನಷ್ಟು ಲಾಭ ತಂದ ಖರ್ಚು ಇಡೀ ಚಿತ್ರದಲ್ಲಿ ಇನ್ನೊಂದಿಲ್ಲ.

ಇನ್ನು ಲೆಕ್ಕ. ಹತ್ತು ಅಡಿ ಗೊಂಬೆ 160 ಅಡಿ ಕಾಣಬೇಕು ಅಂದರೆ 1:16, ಹದಿನಾರು ಪಟ್ಟು. ದೊಡ್ಡದು ಅನ್ನಿಸಬೇಕಾದರೆ ಚಲನೆ ನಿಧಾನ ಕಾಣಬೇಕು, ಅದಕ್ಕೆ ಸೆಕೆಂಡಿಗೆ ಜಾಸ್ತಿ ಫ್ರೇಮು ತೆಗೆದು ನಿಧಾನವಾಗಿ ಓಡಿಸಬೇಕು. ಎಷ್ಟು ನಿಧಾನ ಅಂದರೆ, ಆ ಪಟ್ಟಿನ ವರ್ಗಮೂಲದಷ್ಟು. ಹದಿನಾರರ ವರ್ಗಮೂಲ ನಾಲ್ಕು, 24ಕ್ಕೆ ನಾಲ್ಕರಿಂದ ಗುಣಿಸಿದರೆ 96 ಫ್ರೇಮು. ಫೋನಿನಲ್ಲಿ 96 ಇಲ್ಲ, 120 ಇದೆ. 120ರಲ್ಲಿ ತೆಗೆದು ಎಡಿಟಿಂಗಿನಲ್ಲಿ 25 ಪರ್ಸೆಂಟ್ ವೇಗಕ್ಕೆ ಇಟ್ಟರೆ ಸರಿಹೋಗುತ್ತದೆ. ಜಪಾನಿನಲ್ಲಿ ಎಯ್ಜಿ ತ್ಸುಬುರಾಯಾ ಅನ್ನುವವರು 1954ರ ಗಾಡ್ಜಿಲ್ಲಾ ಚಿತ್ರದಲ್ಲೇ ಮನುಷ್ಯನನ್ನು ಉಡುಪಿನೊಳಗೆ ನಿಲ್ಲಿಸಿ, ಪುಟ್ಟ ಊರು ಕಟ್ಟಿ, ಜಾಸ್ತಿ ಫ್ರೇಮಿನಲ್ಲಿ ತೆಗೆದು ತೋರಿಸಿದ್ದರು. ಮೊದಲು ಅವರಿಗೂ ಸ್ಟಾಪ್ ಮೋಷನ್ನೇ ಬೇಕಿತ್ತು, ಸಮಯ ಮತ್ತು ದುಡ್ಡು ಸಾಲದೆ ಉಡುಪಿಗೆ ಬಂದವರು. ಅದನ್ನು ಓದಿದ ದಿನ ನನಗೆ ಧೈರ್ಯ ಬಂತು.

ಫೋನಿನ ವಿಷಯದಲ್ಲಿ ಒಂದು ಮಾತು. ದೊಡ್ಡ ಕ್ಯಾಮೆರಾ ಬಾಡಿಗೆಗೆ ತಂದು, ದಿನಕ್ಕೆ ಎರಡೂವರೆ ಸಾವಿರ ಕೊಟ್ಟು ತೆಗೆದ ಶಾಟುಗಳು ಎಲ್ಲ ಗೊಂಬೆಯಾಟದ ಹಾಗೆ ಕಂಡವು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರು ದೊಡ್ಡದಿದ್ದರೆ ಹಿಂದೆ ಮುಂದೆ ಮಸುಕಾಗುತ್ತದೆ, ಮಸುಕಾದರೆ ಕಣ್ಣಿಗೆ ಇದು ಚಿಕ್ಕದು ಅಂತ ಗೊತ್ತಾಗಿಬಿಡುತ್ತದೆ. ಫೋನಿನ ಸೆನ್ಸರು ಚಿಕ್ಕದು, ಎಲ್ಲವೂ ಚೂಪಾಗಿ ಬರುತ್ತದೆ. ಈ ಕೆಲಸಕ್ಕೆ ಫೋನೇ ಮೇಲು. ಅದನ್ನು ತಲೆಕೆಳಗಾಗಿ ಹಿಡಿಯಿರಿ, ಲೆನ್ಸು ನೆಲದಿಂದ ನಾಲ್ಕು ಇಂಚು ಎತ್ತರಕ್ಕೆ ಬರುತ್ತದೆ. 1:16ರಲ್ಲಿ ಮನುಷ್ಯನ ಕಣ್ಣಿನ ಎತ್ತರ ಅಷ್ಟೇ. ಒಳಾಂಗಣದಲ್ಲಿ ಎಲ್‌ಇಡಿ ಬೆಳಕಿನಲ್ಲಿ 120 ತೆಗೆಯಲು ಹೋಗಬೇಡಿ, ಬೆಳಕು ಮಿಣುಕುತ್ತದೆ. ಬಿಸಿಲು ಪುಕ್ಕಟೆ, ಪಾವಗಡದಲ್ಲಂತೂ ಬೇಕಾದಷ್ಟು. ರಾತ್ರಿ ದೃಶ್ಯಕ್ಕೆ ಏನು ಮಾಡಿದೆ ಅಂದರೆ, ಕಥೆಯಲ್ಲೇ ರೋಬೋಟ್ ರಾತ್ರಿ ಅಲುಗಾಡುವುದಿಲ್ಲ. ಅಲುಗಾಡದ ಗೊಂಬೆಗೆ ಜಾಸ್ತಿ ಫ್ರೇಮು ಬೇಡ. ದೀಪ ಹಾಕಿಕೊಂಡು ಮಾಮೂಲಿ 24ರಲ್ಲೇ ಮುಗಿಸಿದೆವು.

ಪ್ಯಾನೆಲ್‌ಗಳನ್ನು ಫ್ಲೆಕ್ಸ್ ಅಂಗಡಿಯಲ್ಲಿ ಕಡುನೀಲಿ ವಿನೈಲ್ ಮೇಲೆ ಗೆರೆ ಪ್ರಿಂಟ್ ಹಾಕಿಸಿ ಸನ್‌ಬೋರ್ಡಿಗೆ ಅಂಟಿಸಿ ಕತ್ತರಿಸಿದ್ದು. ಒಂದೊಂದು ಐದು ಇಂಚು ಉದ್ದ, ಎರಡೂವರೆ ಅಗಲ. ಚದರಡಿಗೆ 70 ರೂಪಾಯಿ ತೆಗೆದುಕೊಂಡ ನೆನಪು, 600 ಪ್ಯಾನೆಲ್ಲಿಗೆ 4 ಸಾವಿರದೊಳಗೆ ಮುಗಿಯಿತು. ಚಿಕ್ಕಪ್ಪನ ಶೇಂಗಾ ಹೊಲ ಕಿತ್ತಾದ ಮೇಲೆ ಖಾಲಿ ಇತ್ತು, ಅಲ್ಲೇ ಸಾಲು ಹೂಡಿದೆವು. ಚಿತ್ರದಲ್ಲಿ ಸಾವಿರಾರು ಕಾಣುತ್ತವೆ. ಹೇಗೆ ಅಂತ ಕೇಳಬೇಡಿ, ಅದೂ ನನ್ನ ಹತ್ತಿರವೇ ಇರಲಿ. ಮೊದಲ ದೃಶ್ಯಕ್ಕೆ ಚಿತ್ರದುರ್ಗ ಕಡೆಯ ಗಾಳಿಯಂತ್ರ ಬೇಕಿತ್ತು. ಹತ್ತು ಅಡಿ ಪಿವಿಸಿ ಪೈಪು ಕಂಬ. ನಿಜವಾದದ್ದು ನಿಮಿಷಕ್ಕೆ ಹದಿನೈದು ಸುತ್ತು ಅಂದುಕೊಂಡರೆ ನಮ್ಮದು ನಾಲ್ಕು ಪಟ್ಟು ತಿರುಗಬೇಕು, 60. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 60 ಆರ್‌ಪಿಎಂ ಗೇರ್ ಮೋಟಾರು ರೆಡಿಯಾಗಿ ಸಿಗುತ್ತದೆ, ಸುಮ್ನೆ ಹಾಕಿ ತಿರುಗಿಸಿದ್ದೇ.

ಧೂಳಿಗೆ ತುಂಬಾ ಒದ್ದಾಡಿದೆವು. ಹೊಲದ ಮಣ್ಣು ಹೆಂಟೆಯಾಗಿ ಬೀಳುತ್ತದೆ, ರಂಗೋಲಿ ಪುಡಿ ದಪ್ಪ, ತಕ್ಷಣ ಕೆಳಗೆ ಕೂರುತ್ತದೆ. ಮೈದಾ ಬಳಸುವವರಿದ್ದಾರೆ, ದಯವಿಟ್ಟು ಬೇಡ, ಗಾಳಿಯಲ್ಲಿ ಹರಡಿದ ಹಿಟ್ಟಿಗೆ ಒಂದು ಕಿಡಿ ತಾಗಿದರೆ ಭಗ್ ಅನ್ನುತ್ತದೆ. ಕೊನೆಗೆ ಗ್ರಂಥಿಗೆ ಅಂಗಡಿಯ ಮುಲ್ತಾನಿ ಮಿಟ್ಟಿ, ಸ್ವಲ್ಪ ಜಾಜು ಕಲಸಿ ಬಟ್ಟೆಯಲ್ಲಿ ಜರಡಿ ಹಿಡಿದದ್ದು. ರೋಬೋಟ್ ಕಾಲಿಟ್ಟ ಕಡೆ ಅದು ಮೋಡದ ಹಾಗೆ ನಿಧಾನ ಏಳುತ್ತದೆ. ಹತ್ತು ಕೆಜಿ ಬಳಸಿದೆವೇನೋ. ನೀರು, ಬೆಂಕಿ ಎರಡನ್ನೂ ಚಿತ್ರದಿಂದಲೇ ತೆಗೆದುಹಾಕಿದೆ. ಹನಿಯನ್ನೂ ಜ್ವಾಲೆಯನ್ನೂ ಚಿಕ್ಕದು ಮಾಡೋಕೆ ಯಾರಿಂದಲೂ ಆಗಲ್ಲ.

ಜನರೂ ರೋಬೋಟೂ ಒಂದೇ ಶಾಟಿನಲ್ಲಿ ಬರುವ ಜಾಗ ಮೂರು ನಾಲ್ಕು ಇವೆ. ನನಗೆ ಹೆಮ್ಮೆ ಇರುವುದು ಪಾದದ ಶಾಟಿನ ಮೇಲೆ. ಗೊಂಬೆಯ ಪಾದ ಲೆನ್ಸಿನಿಂದ ಎರಡೂವರೆ ಅಡಿ, ಓಡುವ ಜನ 40 ಅಡಿ ದೂರ. ಎರಡೂವರೆಯನ್ನು 16ರಿಂದ ಗುಣಿಸಿ ನೋಡಿ, 40 ಬರುತ್ತದೆ, ಹಾಗಾಗಿ ಎರಡೂ ಒಂದೇ ಅಳತೆಯಲ್ಲಿ ಕಾಣುತ್ತವೆ. ಪಾದ ಇಟ್ಟಿದ್ದ ಹಲಗೆಯ ಅಂಚು ಕಾಣದ ಹಾಗೆ ಕಲ್ಲು ಜೋಡಿಸಿದರೆ ಮುಗಿಯಿತು, ಎಡಿಟಿಂಗಿನಲ್ಲಿ ಏನೂ ಮುಟ್ಟಿಲ್ಲ. ಕ್ಯಾಮೆರಾ ಮಾತ್ರ ಅಕ್ಕಪಕ್ಕ ಸರಿಯಬಾರದು. ತಿರುಗಿಸಲೇಬೇಕು ಅಂದರೆ ಲೆನ್ಸಿನ ನೇರಕ್ಕೆ ತಿರುಗುವ ಕೀಲು ಇರಬೇಕು, ನಾನು ಮರದ ಹಲಗೆಗೆ ಬೋಲ್ಟ್ ಹಾಕಿ ಮಾಡಿಕೊಂಡೆ.

ರೋಬೋಟ್ ಸೈನ್ಯ ಇರುವುದು ಒಂದೇ ಗೊಂಬೆಯಿಂದ. ಫೋನು ಅಲುಗದಂತೆ ಕಟ್ಟಿ, ಬೇರೆ ಬೇರೆ ಸಾಲಿನಲ್ಲಿ ನಡೆಸಿ, ಎಡಿಟಿಂಗಿನಲ್ಲಿ ಮಾಸ್ಕ್ ಹಾಕಿ, ಅಂದರೆ ಒಂದೊಂದು ಶಾಟಿನಲ್ಲಿ ರೋಬೋಟ್ ಇರುವ ಭಾಗವನ್ನಷ್ಟೇ ಉಳಿಸಿ, ಜೋಡಿಸಿದ್ದು. ಇದನ್ನು ಅರ್ಧ ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ನೆರಳಿನ ಕೋನ ಬದಲಾಗಿ ಒಂದೊಂದು ರೋಬೋಟಿಗೆ ಒಂದೊಂದು ಸೂರ್ಯ ಆಗುತ್ತದೆ. ಒಳಗಿನ ಹುಡುಗನಿಗೆ ಹದಿನೈದು ನಿಮಿಷಕ್ಕೊಮ್ಮೆ ಬಿಡುವು, ನಿಂಬೆ ಷರಬತ್ತು. ಅರ್ಧ ದಿನಕ್ಕೆ 800 ಕೊಡುತ್ತಿದ್ದೆ, ಕೊನೆಕೊನೆಗೆ ಸಾವಿರ ಮಾಡಿದೆ.

ಸದ್ದಿಗೆ ಸಿಂಥಸೈಜರ್ ಎಲ್ಲ ನೋಡಿದೆ, ಯಾವುದೂ ಮೈಗೆ ತಾಗಲಿಲ್ಲ. ಪಕ್ಕದ ಊರಲ್ಲಿ ಬೋರ್‌ವೆಲ್ ಲಾರಿ ಬಂದಿತ್ತು. ಕಂಪ್ರೆಸರ್ ಗಾಳಿ ಬಿಡುವ ಸದ್ದನ್ನು ರೆಕಾರ್ಡ್ ಮಾಡಿಕೊಂಡು ನಾಲ್ಕು ಪಟ್ಟು ನಿಧಾನ ಮಾಡಿದೆ. ಎರಡು ಸ್ಥಾಯಿ ಕೆಳಗೆ ಇಳಿಯುತ್ತದೆ. ಅದೇ ರೋಬೋಟಿನ ಉಸಿರು. ಸಾವಿರ ಅಡಿ ಕೊರೆದರೂ ನೀರು ಬರದ ಊರುಗಳಲ್ಲಿ ಆ ಸದ್ದು ಎಲ್ಲರ ಎದೆಯಲ್ಲೂ ಇದೆ. ಹಳ್ಳಿಯಲ್ಲಿ ಚಿತ್ರ ಹಾಕಿದಾಗ ಅಜ್ಜಿಯೊಬ್ಬರು ಸರಿಯಾಗಿ ಗುರುತು ಹಿಡಿದರು.

ಸ್ಟುಡಿಯೋ ಮುಂಗಡ, ಥರ್ಮಾಕೋಲ್ ಎಲ್ಲ ಬಿಟ್ಟು ಈ ದಾರಿಯ ಖರ್ಚು 45 ಸಾವಿರದ ಆಸುಪಾಸು. ಊಟದ್ದೇ ಅದರಲ್ಲಿ ದೊಡ್ಡ ಪಾಲು, ಯಾಕೆಂದರೆ ಬದುಕುಳಿದವರ ಪಾತ್ರಕ್ಕೆ ಬಂದ ನಲವತ್ತು ಜನರಿಗೆ ಸಂಬಳ ಇರಲಿಲ್ಲ, ಹೊಟ್ಟೆ ತುಂಬಾ ಮುದ್ದೆ ಸಾರು ಇತ್ತು. ಬಿದಿರಿನ ಕಟ್ಟು ಇನ್ನೂ ಗಟ್ಟಿಯಾಗಿದೆ, ಫೋಮು ಎರಡು ಕಡೆ ಹರಿದಿದೆ ಅಷ್ಟೇ. ಇಂಥ ಚಿತ್ರ ಮಾಡುವವರು ಯಾರಾದರೂ ಬಂದು ತೆಗೆದುಕೊಂಡು ಹೋಗಬಹುದು. ತಲೆ ನೀವೇ ಮಾಡಿಕೊಳ್ಳಬೇಕು, ನನ್ನದನ್ನು ಕೊಡುವುದಿಲ್ಲ. ಸಾಗಿಸೋಕೆ ಟಾಟಾ ಏಸ್ ಸಾಕು, ಮಲಗಿಸಿ ಹಗ್ಗ ಕಟ್ಟಿ, ಹೆಗಲಿನ ಅಡ್ಡಗಳುವಿನ ಮೇಲೆ ಮಾತ್ರ ಭಾರ ಬೀಳದಂತೆ ನೋಡಿಕೊಳ್ಳಿ.