ಸ್ಕ್ಯಾನಿಂಗ್ ಲ್ಯಾಬ್‌ಗೆ ಮಾನ್ಯತೆ: ಅರ್ಜಿಗೆ ಮುಂಚಿನ ಆರು ತಿಂಗಳು

ಗುಣಮಟ್ಟದ ಉಸ್ತುವಾರಿ ನನ್ನ ಹೆಗಲಿಗೆ ಬಿದ್ದಾಗ ನಾನು ಸಿಟಿ ಕೋಣೆಯಲ್ಲಿ ಟೆಕ್ನಿಷಿಯನ್ ಆಗಿದ್ದೆ. ಕಾನೂನಿಗೆ ಬೇಕಾದ ಲೈಸೆನ್ಸುಗಳೆಲ್ಲ ನಮ್ಮಲ್ಲಿದ್ದವು. ಹಾಗಿದ್ದೂ ಯಾರ ಒತ್ತಾಯವೂ ಇಲ್ಲದ ಮಾನ್ಯತೆಗೆ ನಾವಾಗಿಯೇ ಅರ್ಜಿ ಹಾಕೋಣ ಎಂದು ನಮ್ಮ ಮುಖ್ಯ ವೈದ್ಯರು ಹೇಳಿದಾಗ, ಇನ್ನೊಂದಷ್ಟು ಕಾಗದದ ಕೆಲಸ ಬಂತಲ್ಲ ಅನಿಸಿತ್ತು. ಎರಡು ಸುತ್ತು ಮುಗಿಸಿದ ಮೇಲೆ ಖಚಿತವಾಗಿ ಹೇಳಬಲ್ಲೆ: ಗೋಡೆಗೆ ನೇತುಹಾಕಿದ ಪ್ರಮಾಣಪತ್ರಕ್ಕಿಂತ, ಅರ್ಜಿಗೆ ಮುಂಚಿನ ಆರು ತಿಂಗಳಲ್ಲಿ ಸಿಕ್ಕಿದ್ದೇ ಹೆಚ್ಚು.

ಲೈಸೆನ್ಸ್ ಎಂದರೆ ಯಂತ್ರ ನಡೆಸಲು ಅನುಮತಿ. ಮಾನ್ಯತೆ ಕೊಡುವವರು ಅಷ್ಟಕ್ಕೆ ನಿಲ್ಲುವುದಿಲ್ಲ. ಚಿತ್ರ ಹೇಗಿದೆ, ಅದಕ್ಕೆ ಎಷ್ಟು ಡೋಸ್ (ವಿಕಿರಣ) ಕೊಟ್ಟಿರಿ, ತೆಗೆದವರಿಗೆ ಯಾವ ತರಬೇತಿಯಿದೆ, ರಿಪೋರ್ಟಿನಲ್ಲಿ ಏನು ಬರೆದಿರಿ, ಎಲ್ಲವನ್ನೂ ಕೇಳುತ್ತಾರೆ.

ಕೆಲಸವನ್ನು ತಿರಸ್ಕೃತ ಎಕ್ಸ್‌ರೇಗಳಿಂದ ಶುರುಮಾಡಿ. ಒಂದು ತಿಂಗಳು ರಿಜೆಕ್ಟ್ ಆದ ಒಂದು ಚಿತ್ರವನ್ನೂ ಅಳಿಸಬೇಡಿ. ಪ್ರತಿಯೊಂದರ ಪಕ್ಕದಲ್ಲೂ ಕಾರಣ ಬರೆಸಿ. ಬೈಯುವುದಿಲ್ಲ ಎಂಬ ಭರವಸೆ ಮೊದಲೇ ಕೊಡಿ, ಇಲ್ಲದಿದ್ದರೆ ಚಿತ್ರಗಳು ಸದ್ದಿಲ್ಲದೆ ಮಾಯವಾಗುತ್ತವೆ. ನಮ್ಮಲ್ಲಿ ಒಂದೇ ಮಂಡಿಯನ್ನು ಮೂರು ಸಲ ತೆಗೆದದ್ದು ಸಿಕ್ಕಿತು. ಹುಡುಕುತ್ತಾ ಹೋದರೆ ಅಂಥವು ಬಹುಪಾಲು ಎರಡನೇ ಕೋಣೆಯವು. ಕಾಲಿನ ಕೆಳಗೆ ಕೊಡುವ ಸ್ಪಂಜಿನ ಆಸರೆ ಆ ಕೋಣೆಯಲ್ಲಿ ಇರಲೇ ಇಲ್ಲ! ನೋವಿನಲ್ಲಿರುವವರು ಕಾಲು ಅಲುಗಿಸದೆ ಹಿಡಿಯುವುದು ಹೇಗೆ? ಅಷ್ಟು ದಿನ ನಾವು ಹುಡುಗರ ಕೈಚಳಕವನ್ನು ಅನುಮಾನಿಸಿದ್ದೆವು.

ಆಮೇಲೆ ಫ್ಯಾಂಟಮ್, ಅಂದರೆ ಯಂತ್ರವನ್ನು ಪರೀಕ್ಷಿಸಲು ರೋಗಿಯ ಬದಲಿಗೆ ಇಡುವ ಮಾದರಿ. ಇಲ್ಲಿ ನಿಧಾನಿಸಿ. ಸಿಟಿಯಲ್ಲಿ ನೀರಿನ ಹೌನ್ಸ್‌ಫೀಲ್ಡ್ ಸಂಖ್ಯೆ (ವಸ್ತುವೊಂದು ಎಕ್ಸ್‌ರೇಯನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ) 0, ಗಾಳಿಯದು ಮೈನಸ್ 1000. ಮಾನ್ಯತೆ ಕೊಡುವ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯ ಮಾನದಂಡದಲ್ಲಿ ನೀರು 0ಯಿಂದ ಆಚೀಚೆ 7ರೊಳಗೆ ಇರಬೇಕು. ನಾವು ಪ್ರತಿದಿನ ಬೆಳಿಗ್ಗೆ ಅಳೆದು ‘ಸರಿ’ ಎಂದು ಗುರುತು ಹಾಕುತ್ತಿದ್ದೆವು. ಅರ್ಜಿಗಾಗಿ ಮೂರು ತಿಂಗಳ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಸೇರಿಸಿದಾಗ ಗೆರೆ ಮೇಲಕ್ಕೆ ಹತ್ತುತ್ತಿತ್ತು: 1, 2, 4, 5. ಒಂದು ದಿನವೂ ಮಿತಿ ದಾಟಿರಲಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಂಜಿನಿಯರ್ ಬಂದು ಕ್ಯಾಲಿಬ್ರೇಷನ್ ಮಾಡಿದ ಮೇಲೆ 0ಯ ಹತ್ತಿರಕ್ಕೆ ಇಳಿಯಿತು. ಕಿಡ್ನಿಯಲ್ಲಿ ಕಂಡ ಗುಳ್ಳೆಯೊಳಗೆ ಬರೀ ನೀರಿದೆಯೋ, ಅದು ಗಡ್ಡೆಯೋ ಎಂದು ರೇಡಿಯಾಲಜಿಸ್ಟ್ ತೂಗಿ ನೋಡುವಾಗ ಈ ಸಂಖ್ಯೆಯೂ ಕೈಯಲ್ಲಿರುತ್ತದೆ. ದಯವಿಟ್ಟು ಟಿಕ್ ಹಾಕುವುದನ್ನು ಬಿಟ್ಟು ಚುಕ್ಕಿ ಇಡಿ.

ಡೋಸ್ ಲೆಕ್ಕವನ್ನೂ ಹೀಗೆಯೇ ತೆಗೆಯಿರಿ. ಅದೇ ಸಂಸ್ಥೆ ವಯಸ್ಕರ ತಲೆಯ ಸಿಟಿಗೆ 75, ಹೊಟ್ಟೆಯದಕ್ಕೆ 25 ಮಿಲಿಗ್ರೇ (ಡೋಸಿನ ಅಳತೆ) ಎಂದು ಉಲ್ಲೇಖ ಮಟ್ಟ, ಅಂದರೆ ದಾಟಿದರೆ ಕಾರಣ ಹುಡುಕಬೇಕಾದ ಮಟ್ಟ, ಇಟ್ಟಿದೆ. ಇವು ಫ್ಯಾಂಟಮ್‌ನಲ್ಲಿ ಅಳೆಯುವ ಮೌಲ್ಯಗಳು. ಅದನ್ನು ಗುರಿ ಎಂದುಕೊಳ್ಳಬೇಡಿ. ಅದಕ್ಕಿಂತ ಕಡಿಮೆಯಲ್ಲಿ ರೋಗ ಕಾಣುವಂತಿದ್ದರೆ ಕಡಿಮೆಯೇ ಸರಿ. ಮಕ್ಕಳ ಪ್ರೋಟೋಕಾಲ್‌ಗಳನ್ನು (ಸ್ಕ್ಯಾನಿಗೆ ಮೊದಲೇ ಉಳಿಸಿಟ್ಟ ಸೆಟ್ಟಿಂಗುಗಳನ್ನು) ಮಾತ್ರ ಒಂದೊಂದಾಗಿ ತೆರೆದು ನೋಡಿ. ಯಾವಾಗಲೋ ಯಾರೋ ವಯಸ್ಕರ ಸೆಟ್ಟಿಂಗನ್ನೇ ನಕಲು ಮಾಡಿ ಹೆಸರು ಬದಲಿಸಿಟ್ಟಿರುತ್ತಾರೆ.

ಸೀಸದ ಏಪ್ರನ್‌ಗಳನ್ನು ವರ್ಷಕ್ಕೊಮ್ಮೆ ಫ್ಲೋರೋಸ್ಕೋಪಿಯಲ್ಲಿ (ಪರದೆಯ ಮೇಲೆ ನೇರವಾಗಿ ಕಾಣುವ ಎಕ್ಸ್‌ರೇಯಲ್ಲಿ) ಬಿರುಕಿಗಾಗಿ ನೋಡಿ, ಮಡಚದೆ ನೇತುಹಾಕಿ. ಸಿಬ್ಬಂದಿಯ ಸರ್ಟಿಫಿಕೇಟುಗಳನ್ನು ಒಂದೇ ಫೈಲಿಗೆ ಸೇರಿಸಿ. ಎರಡೂ ಒಂದು ವಾರದ ಕೆಲಸ.

ರಿಪೋರ್ಟುಗಳ ವಿಷಯ ಹಾಗಲ್ಲ. ಇಂಟರ್‌ಸೊಸೈಟಲ್ ಅಕ್ರೆಡಿಟೇಷನ್ ಕಮಿಷನ್‌ನಂಥ ಸಂಸ್ಥೆಗಳು ನಿಜವಾದ ರೋಗಿಗಳ ಚಿತ್ರವನ್ನೂ ಅಂತಿಮ ರಿಪೋರ್ಟನ್ನೂ ಜೋಡಿಯಾಗಿ ಕೇಳುತ್ತವೆ. ಕಳಿಸಬೇಕಾದ ಕೇಸುಗಳನ್ನು ಆರಿಸಲು ಕೂತಾಗ ಕುತ್ತಿಗೆಯ ರಕ್ತನಾಳದ ಡಾಪ್ಲರ್ (ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡ್) ರಿಪೋರ್ಟುಗಳನ್ನು ಮೇಜಿನ ಮೇಲೆ ಹರಡಿದ್ದೆ. ರಕ್ತದ ವೇಗ ಹೆಚ್ಚುಕಡಿಮೆ ಒಂದೇ ಇದ್ದ ಇಬ್ಬರು ರೋಗಿಗಳಲ್ಲಿ ಒಬ್ಬರಿಗೆ ‘ಅಲ್ಪ ಕಿರಿದಾಗಿದೆ’ ಎಂದೂ, ಇನ್ನೊಬ್ಬರಿಗೆ ಶೇಕಡಾವಾರು ಅಂಕಿಯಲ್ಲೂ ಬರೆದಿತ್ತು. ಬರೆದ ವೈದ್ಯರು ಬೇರೆ ಬೇರೆ, ಇಬ್ಬರೂ ನುರಿತವರೇ. ಆದರೆ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ನಿರ್ಧರಿಸುವ ಡಾಕ್ಟರಿಗೆ ಇದರಿಂದ ಏನು ಗೊತ್ತಾಗಬೇಕು? ಇಬ್ಬರನ್ನೂ ಕೂರಿಸಿ, ಯಾವ ವೇಗಕ್ಕೆ ಯಾವ ಶ್ರೇಣಿ ಎಂಬ ಒಂದೇ ಕೋಷ್ಟಕ ಒಪ್ಪಿಸಿದೆವು. ನಮ್ಮಲ್ಲಿಗೆ ರೋಗಿಗಳನ್ನು ಕಳಿಸುವ ಡಾಕ್ಟರುಗಳು ಫೋನ್ ಮಾಡಿ ಅರ್ಥ ಕೇಳುವುದು ಅಲ್ಲಿಗೆ ಕಡಿಮೆಯಾಯಿತು. ನನ್ನ ಲೆಕ್ಕದಲ್ಲಿ ಇಡೀ ಪ್ರಯತ್ನದ ಅತಿದೊಡ್ಡ ಫಲ ಇದೇ.

ಕಡ್ಡಾಯವಿಲ್ಲದಾಗ ಈಗಲೇ ಏಕೆ ಎಂದು ಮಾಲೀಕರು ಕೇಳಿದರೆ ಮ್ಯಾಮೊಗ್ರಫಿಯ, ಅಂದರೆ ಸ್ತನದ ಎಕ್ಸ್‌ರೇಯ, ಕಥೆ ಹೇಳಿ. ಅಮೆರಿಕದಲ್ಲಿ ಅದರ ಮಾನ್ಯತೆ 1987ರಲ್ಲಿ ಸ್ವಯಂಪ್ರೇರಿತವಾಗಿ ಶುರುವಾಯಿತು. 1992ರಲ್ಲಿ ಕಾನೂನು ಬಂತು, 1994ರ ಅಕ್ಟೋಬರ್‌ನಿಂದ ಕಡ್ಡಾಯವೂ ಆಯಿತು. ಅಲ್ಲಿ ಆಸ್ಪತ್ರೆಯ ಹೊರಗಿನ ಸಿಟಿ, ಎಂಆರ್‌ಐ ಕೇಂದ್ರಗಳಿಗೆ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಹಣ ಬೇಕಿದ್ದರೆ ಮಾನ್ಯತೆ ಇರಲೇಬೇಕು ಎಂಬ ನಿಯಮ 2012ರಲ್ಲಿ ಜಾರಿಗೆ ಬಂತು. ತಾವಾಗಿ ಮೊದಲೇ ಕಲಿತವರಿಗೆ ಗಡುವಿನ ಓಟ ಇರುವುದಿಲ್ಲ.

ಈ ಜವಾಬ್ದಾರಿಯನ್ನು ಒಬ್ಬರಿಗೇ ಕೊಡಬೇಡಿ, ಇಬ್ಬರಿಗೆ ಕೊಡಿ. ಒಬ್ಬರು ಕೆಲಸ ಬಿಟ್ಟರೆ ಫೈಲಿನ ಬೀಗದ ಕೈಯೂ ಜೊತೆಗೇ ಹೋದಂತೆ. ಪರಿಶೀಲಕರ ಪ್ರಶ್ನೆಗಳಿಗೆ ಎಲ್ಲರನ್ನೂ ಸಿದ್ಧಮಾಡಿ. ನಮ್ಮಲ್ಲಿಗೆ ಬಂದವರು ಫೈಲು ಹಿಡಿದು ನಿಂತಿದ್ದ ನನ್ನನ್ನು ದಾಟಿ ಹೋಗಿ, ಸೇರಿ ಎರಡು ತಿಂಗಳಾಗಿದ್ದ ಹುಡುಗಿಯನ್ನು ಕೇಳಿದರು: ‘ಹತ್ತು ಕೆಜಿಯ ಮಗು ಬಂದರೆ ಏನಮ್ಮಾ ಮಾಡ್ತೀಯ?’ ಅವಳು ಕನ್ಸೋಲ್ ಪಕ್ಕ ಅಂಟಿಸಿದ್ದ ತೂಕದ ಪಟ್ಟಿಯ ಮೇಲೆ ಬೆರಳಿಟ್ಟು, ಸಾಲನ್ನು ಓದಿ, ಆ ಪ್ರೋಟೋಕಾಲನ್ನು ತೆರೆದು ತೋರಿಸಿದಳು.