ಇಂಟೀರಿಯರ್ ಆರ್ಕಿಟೆಕ್ಚರ್ ಮಾಸ್ಟರ್ಸ್ ಮಾಡಬೇಕಾ? ಮೊದಲು ಒಂದು ಹಳೇ ಅಂಗಡಿ ಅಳೆಯಿರಿ

ಪ್ರತಿ ವರ್ಷ ದಸರಾ ಮುಗಿಯುತ್ತಿದ್ದಂತೆ ನನ್ನ ವಾಟ್ಸಾಪ್‌ಗೆ ಪೋರ್ಟ್‌ಫೋಲಿಯೊಗಳು ಬರಲು ಶುರುವಾಗುತ್ತವೆ. ಹುಬ್ಬಳ್ಳಿ, ಮೈಸೂರು, ಬೆಂಗಳೂರಿನ ಜೂನಿಯರ್‌ಗಳು. "ಅಕ್ಕಾ, ಮಾಸ್ಟರ್ಸ್‌ಗೆ ಅಪ್ಲೈ ಮಾಡ್ತಿದೀನಿ, ಒಂದ್ಸಲ ನೋಡಿ" ಅಂತ. ತೆರೆದರೆ ಎಲ್ಲದರಲ್ಲೂ ಅದೇ ಬೂದು ಸೋಫಾ, ಮೇಲಿಂದ ಇಳಿಬಿದ್ದ ಅದೇ ಮೂರು ದೀಪ, ಮೂಲೆಯಲ್ಲಿ ಅದೇ ದೊಡ್ಡ ಎಲೆಯ ಗಿಡ. ಕಂಪ್ಯೂಟರಿನಲ್ಲಿ ಮಾಡಿದ ಆ ಚಿತ್ರ, ಅಂದರೆ ರೆಂಡರ್, ಏನೋ ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ನೋಡಿ ಇಂಟೀರಿಯರ್ ಆರ್ಕಿಟೆಕ್ಚರ್‌ಗೆ ಯಾರೂ ಸೀಟು ಕೊಡುವುದಿಲ್ಲ.

ಈ ಓದು ಶುರುವಾಗುವುದೇ ಇರುವ ಕಟ್ಟಡದಿಂದ. ಸ್ಟುಡಿಯೊದಲ್ಲಿ ನಿಮಗೆ ಖಾಲಿ ಸೈಟು ಕೊಡುವುದು ಅಪರೂಪ. ಒಂದು ಹಳೇ ಗಿರಣಿ, ಮುಚ್ಚಿದ ಶಾಲೆ, ಯಾರೂ ಬಾರದ ಚರ್ಚು ತೋರಿಸಿ, ಇದರೊಳಗೆ ಲೈಬ್ರರಿ ಮಾಡಿ, ನಾಲ್ಕು ಮನೆ ಮಾಡಿ ಅನ್ನುತ್ತಾರೆ. ಏನು ಉಳಿಸುತ್ತೀರಿ, ಏನು ಒಡೆಯುತ್ತೀರಿ, ಹೊಸದು ಹಳೆಯದಕ್ಕೆ ಎಲ್ಲಿ ತಾಗುತ್ತದೆ? ಎರಡು ವರ್ಷವೂ ಈ ಮೂರು ಪ್ರಶ್ನೆ ಬಿಡುವುದಿಲ್ಲ.

ನಮ್ಮಲ್ಲೇ ನೋಡಬೇಕೆಂದರೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ. ಎಮರ್ಜೆನ್ಸಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಸೆಂಟ್ರಲ್ ಜೈಲು ಅದು. ಮ್ಯಾಥ್ಯೂ ಆಂಡ್ ಘೋಷ್ ಆರ್ಕಿಟೆಕ್ಟ್ಸ್ ಅದನ್ನು ಪಾರ್ಕ್ ಮಾಡಿದರು, 2008ರಲ್ಲಿ ತೆರೆಯಿತು. ಪ್ರತಿಭಟನೆಗೆಂದು ಹೋಗಿರುತ್ತೀರಿ, ಕಾವಲು ಗೋಪುರ ಮಾತ್ರ ಸರಿಯಾಗಿ ನೋಡಿರುವುದಿಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್ ಇನ್ನೊಂದು. 2009ರಿಂದ ಅಲ್ಲಿ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್ ಇದೆ. ಚಿತ್ರಗಳನ್ನು ಆಮೇಲೆ ನೋಡಿ. ಹಳೇ ಮನೆಗೆ ಹೊಸ ಕಟ್ಟಡ ಎಲ್ಲಿ ಸೇರಿಕೊಂಡಿದೆ, ಅಲ್ಲಿ ಐದು ನಿಮಿಷ ನಿಲ್ಲಿ.

ಹೊರದೇಶದ್ದು ಒಂದೇ ಒಂದು ನೋಡುವುದಾದರೆ ಇಟಲಿಯ ವೆರೋನಾದ ಕ್ಯಾಸ್ಟೆಲ್‌ವೆಕ್ಕಿಯೊ ಮ್ಯೂಸಿಯಂ. ಕೋಟೆಯೊಳಗೆ ಮೊದಲೇ ಇದ್ದ ಮ್ಯೂಸಿಯಂ ಅನ್ನು ಆರ್ಕಿಟೆಕ್ಟ್ ಕಾರ್ಲೊ ಸ್ಕಾರ್ಪ ಹೊಸದಾಗಿ ರೂಪಿಸಿಕೊಟ್ಟರು, 1964ರಲ್ಲಿ ಮತ್ತೆ ತೆರೆದರು. ಅಲ್ಲಿ ಹೊಸ ನೆಲ ಹಳೇ ಗೋಡೆಗೆ ತಾಗುವುದೇ ಇಲ್ಲ. ಅಂಚಿನಲ್ಲಿ ಒಂದು ಸಂದು ಬಿಟ್ಟಿದ್ದಾರೆ. ಗೋಡೆ ಹಳೆಯದು, ನೆಲ ನಾನು ಹಾಕಿದ್ದು ಅಂತ ಆ ಸಂದಿನಲ್ಲೇ ಹೇಳಿಬಿಟ್ಟಿದ್ದಾರೆ. ನಾವು ಸ್ಕರ್ಟಿಂಗ್ ಹೊಡೆದು ಮುಚ್ಚುವ ಜಾಗ ಅದು, ಅಲ್ವಾ?

ಹೆಸರಿನ ಮುಂದೆ ಏನು ಬರೆದುಕೊಳ್ಳಬಹುದು

ಇದನ್ನು ಮೊದಲೇ ತಿಳಿದುಕೊಳ್ಳಿ. ಬಿ.ಆರ್ಕ್ ಇಲ್ಲದೆ ಈ ಮಾಸ್ಟರ್ಸ್ ಮಾಡಿದರೆ ಭಾರತದಲ್ಲಿ ನೀವು 'ಆರ್ಕಿಟೆಕ್ಟ್' ಅಂತ ಬೋರ್ಡ್ ಹಾಕುವಂತಿಲ್ಲ. ಡಿಗ್ರಿಯಲ್ಲಿ ಆರ್ಕಿಟೆಕ್ಚರ್ ಅನ್ನುವ ಪದ ಇದ್ದರೂ ಅಷ್ಟೇ. 1972ರ ಆರ್ಕಿಟೆಕ್ಟ್ಸ್ ಆ್ಯಕ್ಟ್‌ನ 37ನೇ ಸೆಕ್ಷನ್ ಪ್ರಕಾರ ಆ ಹೆಸರು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರಿಗೆ ಮಾತ್ರ. ಕೆಲಸ ಮಾಡಲು ಅಡ್ಡಿಯಿಲ್ಲ. ಆ ಸೆಕ್ಷನ್ ತಡೆಯುವುದು ಹೆಸರನ್ನು, ಕೆಲಸವನ್ನಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಜರ್ಮನಿ, ನೆದರ್ಲ್ಯಾಂಡ್ಸ್‌ನಲ್ಲಿ ಇನ್ನೂ ಬಿಗಿ. ಅಲ್ಲಿ 'ಇಂಟೀರಿಯರ್ ಆರ್ಕಿಟೆಕ್ಟ್' ಅನ್ನುವುದಕ್ಕೇ ನೋಂದಣಿ ಬೇಕು. ಅಮೆರಿಕದಲ್ಲಿ ನೆಲೆಸುವ ಯೋಚನೆ ಇದ್ದರೆ ಅಲ್ಲಿಯ ಇಂಟೀರಿಯರ್ ಡಿಸೈನರ್‌ಗಳ ಎನ್‌ಸಿಐಡಿಕ್ಯೂ ಪರೀಕ್ಷೆ ಬರೆಯಲು ನಿಮ್ಮ ಕೋರ್ಸ್ ಸಾಕಾಗುತ್ತದಾ ಅಂತ ಸೇರುವ ಮೊದಲೇ ಕೇಳಿ.

ಎಲ್ಲಿ ಓದುವುದು

ನಾನು ಓದಿದ್ದು ಅಹಮದಾಬಾದಿನಲ್ಲಿ, ಹಾಗಾಗಿ ಆ ಊರಿನ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಸೆಪ್ಟ್ ವಿಶ್ವವಿದ್ಯಾಲಯ ಅಲ್ಲೇ ಇದೆ, ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್, ಅಂದರೆ ಎನ್‌ಐಡಿಯ ಫರ್ನಿಚರ್ ಆಂಡ್ ಇಂಟೀರಿಯರ್ ಡಿಸೈನ್ ಕೂಡ ಅಲ್ಲೇ. ಸೆಪ್ಟ್ ಶುರುವಾದದ್ದು 1962ರಲ್ಲಿ, ಬಿ.ವಿ. ದೋಶಿ ಅವರ ಸ್ಕೂಲ್ ಆಫ್ ಆರ್ಕಿಟೆಕ್ಚರ್ ಆಗಿ. ಇಂಟೀರಿಯರ್ ಡಿಸೈನ್ ಸೇರಿದ್ದು 1991ರಲ್ಲಿ. ಕಾಲೇಜಿನಷ್ಟೇ ದೊಡ್ಡ ಮೇಷ್ಟ್ರು ಹಳೇ ಊರು. 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿಯ ಪೋಳ್, ಅಂದರೆ ಹಳೇ ಓಣಿಗಳ, ಮನೆಗಳಲ್ಲಿ ನಮ್ಮ ಜಗಲಿಯಂಥದ್ದೇ ಓಟ್ಲೊ, ನಮ್ಮ ತೊಟ್ಟಿಯಂಥದ್ದೇ ಚೌಕ, ಅದರ ಕೆಳಗೆ ಮಳೆನೀರು ಹಿಡಿಯುವ ಟಾಂಕಾ. ಮಲೆನಾಡಿನವರಿಗೆ ಒಳಗೆ ಕಾಲಿಟ್ಟ ಕೂಡಲೇ ಗೊತ್ತಾಗಿಬಿಡುತ್ತದೆ. ಬಿಸಿಲಿಗೆ ಮಾತ್ರ ಸಿದ್ಧರಾಗಿ ಹೋಗಿ. ಡಿಸೈನ್ ಮಾಸ್ಟರ್ಸ್‌ಗೆಂದು ನಡೆಯುವ ಸೀಡ್ (CEED) ಪರೀಕ್ಷೆಗೆ ಕೋಚಿಂಗ್ ಸೇರುವ ಮೊದಲು ನಿಮಗೆ ಬೇಕಾದ ಕೋರ್ಸ್ ಆ ಅಂಕ ಕೇಳುತ್ತದಾ ನೋಡಿಕೊಳ್ಳಿ. ಎನ್‌ಐಡಿಗೆ ಅದರದ್ದೇ ಡ್ಯಾಟ್ ಪರೀಕ್ಷೆ ಇದೆ.

ಹೊರಗೆ ಹೋಗುವವರಿಗೆ: ಅಮೆರಿಕದ ಪ್ರಾವಿಡೆನ್ಸ್‌ನಲ್ಲಿರುವ ರಿಸ್ಡಿಯಲ್ಲಿ (ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್) ಹಳೇ ಕಟ್ಟಡದ ಮರುಬಳಕೆಯೇ ಈ ವಿಭಾಗದ ಮುಖ್ಯ ವಿಷಯ. ಫೀಸು ನೋಡಿ ಎದೆ ಗಟ್ಟಿ ಮಾಡಿಕೊಳ್ಳಿ. ನೆದರ್ಲ್ಯಾಂಡ್ಸ್‌ನ ಹೇಗ್‌ನಲ್ಲಿ ರಾಯಲ್ ಅಕಾಡೆಮಿ, ರಾಟರ್‌ಡ್ಯಾಮ್‌ನಲ್ಲಿ ಪೀಟ್ ಜ್ವಾರ್ಟ್ ಇನ್‌ಸ್ಟಿಟ್ಯೂಟ್, ಎರಡರದ್ದೂ ಎರಡು ವರ್ಷದ ಕೋರ್ಸ್. ಯೋಚನೆಗೆ, ಪ್ರಯೋಗಕ್ಕೆ ಅಲ್ಲಿ ಒತ್ತು ಜಾಸ್ತಿ. ಮಿಲಾನೊ ಪಾಲಿಟೆಕ್ನಿಕ್‌ನಲ್ಲಿ ಇಂಟೀರಿಯರ್ ಆಂಡ್ ಸ್ಪೇಶಿಯಲ್ ಡಿಸೈನ್ ಇಂಗ್ಲಿಷಿನಲ್ಲಿದೆ, ಮನೆಯ ಆದಾಯ ನೋಡಿ ಫೀಸು ಇಳಿಸುತ್ತಾರೆ. ಮಧ್ಯಮ ವರ್ಗದವರು ಇದನ್ನು ಮೊದಲು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಜರ್ಮನಿಯ ಡೆಟ್‌ಮೋಲ್ಡ್, ಕೋಬುರ್ಗ್ ಊರುಗಳಲ್ಲೂ ಈ ಓದಿದೆ, ಪಾಠದ ಭಾಷೆ ಯಾವುದೆಂದು ವಿಚಾರಿಸಿಕೊಳ್ಳಿ.

ಈಗ ಅಳತೆಗೆ ಬರೋಣ

ಪೋರ್ಟ್‌ಫೋಲಿಯೊಗೆ ಬೆನ್ನೆಲುಬು ಬೇಕು. ಅದಕ್ಕೆ ನಿಮ್ಮ ಊರಿನ ಒಂದು ಹಳೇ ಕಟ್ಟಡ ಸಾಕು. ಅರಮನೆ, ದೇವಸ್ಥಾನ ಬೇಡ. ಪೇಟೆ ಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇರುವ ಉದ್ದನೆ ಕಟ್ಟಡ ಇರುತ್ತದಲ್ಲ, ಅದು ಬೇಕು. ಚಿಕ್ಕದು, ಎರಡು ವಾರದಲ್ಲಿ ಮುಗಿಯುತ್ತದೆ, ಒಳಗೆ ಬದುಕು ಇರುತ್ತದೆ.

ಮಾಲೀಕರನ್ನು ಮೊದಲು ಮಾತಾಡಿಸಿ. ಸುಮ್ನೆ ಟೇಪ್ ಹಿಡಿದು ನಿಂತರೆ "ಏನಮ್ಮಾ, ನಗರಸಭೆಯವರಾ? ರಸ್ತೆ ಅಗಲ ಮಾಡ್ತಾರಾ?" ಅಂತ ಇಡೀ ಬೀದಿ ಬರುತ್ತದೆ. ಕಾಲೇಜಿನಿಂದ ಒಂದು ಪತ್ರ ತೆಗೆದುಕೊಂಡು ಹೋಗಿ, ಕಾಫಿ ಕೊಟ್ಟರೆ ಕುಡಿಯಿರಿ, ಮಾರನೇ ದಿನ ಶುರು ಮಾಡಿ.

ಬೇಕಾದದ್ದು ಐದು ಮೀಟರಿನ ಟೇಪು, ಮೂವತ್ತು ಮೀಟರಿನದ್ದು ಒಂದು, ತೂಗುಗುಂಡು, ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಕೊಳವೆ (ಟ್ಯೂಬ್ ಲೆವೆಲ್), ಎ3 ಹಾಳೆ, ಮೂರು ಬಣ್ಣದ ಪೆನ್ನು. ಲೇಸರ್ ಮೀಟರ್ ಇದ್ದರೆ ಒಳ್ಳೆಯದು, ಆದರೆ ಮಣ್ಣಿನ ಗೋಡೆಯ ಉಬ್ಬು ತಗ್ಗು ಅದಕ್ಕೆ ಕಾಣುವುದಿಲ್ಲ. ಕೈಯಲ್ಲಿ ಟೇಪ್ ಹಿಡಿದರೆ ನಿಮಗೆ ಕಾಣುತ್ತದೆ.

ಮೊದಲ ದಿನ ಅಳೆಯಬೇಡಿ. ಕೋಣೆ ಕೋಣೆಗೆ ಹೋಗಿ ನಕ್ಷೆಯನ್ನು ಕಣ್ಣಂದಾಜಿನಲ್ಲಿ ಬರೆಯಿರಿ. ಆಮೇಲೆ ಒಂದು ಗೋಡೆಯ ಉದ್ದವನ್ನು ಒಂದೇ ಮೂಲೆಯಿಂದ ಅಳೆಯುತ್ತಾ ಹೋಗಿ. ಬಾಗಿಲು ಎಲ್ಲಿ ಶುರು, ಎಲ್ಲಿ ಮುಗಿಯಿತು, ಕಂಬ ಎಲ್ಲಿ, ಎಲ್ಲವೂ ಆ ಒಂದೇ ಮೂಲೆಯಿಂದ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ತಪ್ಪೂ ಸೇರಿಕೊಂಡು, ಕೊನೆಗೆ ಗೋಡೆ ಪಕ್ಕದ ಮನೆಗೆ ಹೋಗುತ್ತದೆ.

ಕರ್ಣ ಅಳೆಯದೆ ಯಾವ ಕೋಣೆಯನ್ನೂ ಬಿಡಬೇಡಿ. 3 ಮೀಟರಿಗೆ 4 ಮೀಟರಿನ ಕೋಣೆ ಮೂಲೆಮಟ್ಟಕ್ಕೆ ಇದ್ದರೆ ಎರಡು ಕರ್ಣವೂ 5 ಮೀಟರ್ ಬರಬೇಕು. ಒಂದು 5.06, ಇನ್ನೊಂದು 4.94 ಬಂದರೆ ಕೋಣೆ ಓರೆ ಇದೆ. ಹಾಗೇ ಓರೆಯಾಗಿಯೇ ಬರೆಯಿರಿ. ಕಂಪ್ಯೂಟರಿನಲ್ಲಿ ನೇರ ಮಾಡಿಬಿಟ್ಟರೆ ನೀವು ಅಳೆದದ್ದೇ ದಂಡ.

ಎತ್ತರಕ್ಕೆ ಟ್ಯೂಬ್ ಲೆವೆಲ್. ನೆಲದಿಂದ ಸುಮಾರು ಒಂದು ಮೀಟರ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಅದೇ ಮಟ್ಟವನ್ನು ಎಲ್ಲ ಕೋಣೆಗೂ ದಾಟಿಸಿ. ಅಲ್ಲಿಂದ ಕೆಳಗೆ ನೆಲ, ಮೇಲೆ ತೊಲೆ. ನೆಲವನ್ನೇ ನಂಬಿ ಎತ್ತರ ಅಳೆದರೆ ಕೆಲಸ ಕೆಡುತ್ತದೆ. ಹಳೇ ಮನೆಯಲ್ಲಿ ಯಾವ ನೆಲ ಮಟ್ಟಸವಾಗಿರುತ್ತದೆ ಹೇಳಿ?

ಆಮೇಲೆ ಕತ್ತೆತ್ತಿ ಜಂತಿ ನೋಡಿ. ಜಂತಿಯ ತುದಿ ಯಾವ ಗೋಡೆಯ ಮೇಲೆ ಕೂತಿದೆಯೋ ಆ ಗೋಡೆ ಭಾರ ಹೊರುತ್ತಿದೆ. ಜಂತಿಗೆ ಸಮಾನಾಂತರವಾಗಿ ಓಡುವ ಗೋಡೆ ಬಹುಶಃ ಬರೀ ಅಡ್ಡಗೋಡೆ. ಅದರ ಮೇಲೆ ಅಟ್ಟದ ಗೋಡೆ ಏನಾದರೂ ನಿಂತಿದೆಯಾ ಅಂತ ಮೇಲೆ ಹತ್ತಿ ಖಾತ್ರಿ ಮಾಡಿಕೊಳ್ಳಿ. ಮೇಷ್ಟ್ರುಗಳು ಕೂತು ಕೆಲಸ ನೋಡುವ ಜ್ಯೂರಿಯಲ್ಲಿ "ಈ ಗೋಡೆ ತೆಗೆದಿದ್ದೀರಲ್ಲ, ಮೇಲಿನದ್ದು ಎಲ್ಲಿ ಕೂರುತ್ತೆ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಜಂತಿ ಬರೆದವರು ಉತ್ತರ ಕೊಡುತ್ತಾರೆ, ಉಳಿದವರು ನೀರು ಕುಡಿಯುತ್ತಾರೆ.

ಕಟ್ಟಡದಲ್ಲಿ ಒಂದು ವಸ್ತುವನ್ನು ಹಿಡಿದು ಪೂರ್ತಿ ಬರೆಯಿರಿ. ಶಿರಸಿಯ ಹುಡುಗಿಯೊಬ್ಬಳು ತನ್ನ ಸೋದರಮಾವನ ಅಂಗಡಿಯ ಹಲಗೆ ಬಾಗಿಲು ಬರೆದು ತಂದಿದ್ದಳು. ಷಟರ್ ಬರುವ ಮುಂಚಿನ ಬಾಗಿಲು ಅದು. ಮೇಲೆ ಕೆಳಗೆ ಉದ್ದಕ್ಕೆ ತೋಡು ಕೊರೆದಿರುತ್ತಾರೆ, ಉದ್ದನೆ ಹಲಗೆಗಳನ್ನು ಒಂದೊಂದಾಗಿ ಅದರೊಳಗೆ ಇಳಿಸಿ ಜರುಗಿಸುವುದು. ಪ್ರತಿ ಹಲಗೆಯ ಹಿಂದೆ ಉಳಿಯಲ್ಲಿ ಕೆತ್ತಿದ ಕನ್ನಡ ಅಂಕಿ, ಒಂದಾದ ಮೇಲೆ ಎರಡು. ಕ್ರಮ ತಪ್ಪಿದರೆ ಬಾಗಿಲು ಮುಚ್ಚುವುದಿಲ್ಲ. ನಡುವಿನ ಒಂದಕ್ಕೆ ಮಾತ್ರ ಅಂಕಿ ಇಲ್ಲ, ಬೇರೆ ಮರ, ತುಸು ತೆಳು. ಮಳೆಗೆ ಕೊಳೆತದ್ದನ್ನು ಎಂದೋ ಬದಲಿಸಿದ್ದಾರೆ. ಅವಳು ಆ ತೋಡನ್ನು 1:5ರಲ್ಲಿ, ಅಂದರೆ ನಿಜ ಅಳತೆಯ ಐದರಲ್ಲೊಂದು ಭಾಗಕ್ಕೆ ಇಳಿಸಿ, ಬರೆದಳು, ಕೊಳೆತ ಜಾಗ ತೋರಿಸಿದಳು, ಬೆಳಿಗ್ಗೆ ಯಾವ ಹಲಗೆ ಮೊದಲು ತೆಗೆಯುತ್ತಾರೆ, ತೆಗೆದದ್ದನ್ನು ಎಲ್ಲಿ ಒರಗಿಸುತ್ತಾರೆ ಅಂತ ನಾಲ್ಕು ಚಿಕ್ಕ ಚಿತ್ರ ಮಾಡಿದಳು. ಅಂಗಡಿಯನ್ನು ಓದುವ ಕೋಣೆ ಮಾಡುವ ಪ್ರಸ್ತಾಪದಲ್ಲಿ ಅದೇ ಹಲಗೆಗಳು ಒಳಗಿನ ಮರೆಯಾದವು. ಸಂದರ್ಶನದಲ್ಲಿ ಹೆಚ್ಚು ಹೊತ್ತು ಕೇಳಿದ್ದು ಆ ಒಂದು ಹಾಳೆಯ ಬಗ್ಗೆಯೇ ಅಂತೆ.

ಬೆಳಕನ್ನೂ ಬರೆಯಿರಿ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ಬಿಸಿಲು ನೆಲದ ಮೇಲೆ ಎಲ್ಲಿವರೆಗೆ ಬರುತ್ತದೆ ಅಂತ ಗುರುತು ಮಾಡಿ. ಯಾರು ಎಲ್ಲಿ ಕೂರುತ್ತಾರೆ ಅನ್ನುವುದನ್ನು ಅದರ ಮೇಲೇ ಬರೆದರೆ ಮನೆ ಅರ್ಥವಾಗುತ್ತದೆ.

ಹಾಳೆಗೆ ಇಳಿಸುವಾಗ

ನಕ್ಷೆ, ಎರಡು ಸೆಕ್ಷನ್ (ಕಟ್ಟಡವನ್ನು ನೆಟ್ಟಗೆ ಸೀಳಿದಂತೆ ತೋರಿಸುವ ಚಿತ್ರ), 1:50 ಅಳತೆಯಲ್ಲಿ. ಒಂದು ಸೆಕ್ಷನ್ ಬೀದಿಯಿಂದ ಹಿತ್ತಲಿನವರೆಗೆ ಉದ್ದಕ್ಕೆ ಹೋಗಲಿ. ಈ ವಿಷಯದಲ್ಲಿ ನಕ್ಷೆಗಿಂತ ಸೆಕ್ಷನ್ ಜಾಸ್ತಿ ಮಾತಾಡುತ್ತದೆ. ಅಟ್ಟ, ತೊಟ್ಟಿ, ಗೋಡೆಯ ದಪ್ಪ ಎಲ್ಲ ಅಲ್ಲೇ ಕಾಣುವುದು. ಇರುವುದು ಒಂದು ಬಣ್ಣ, ತೆಗೆಯುವುದು ಇನ್ನೊಂದು, ಸೇರಿಸುವುದು ಮತ್ತೊಂದು. ನಿಮ್ಮ ಪ್ರಸ್ತಾಪ ಚಿಕ್ಕದಾಗಿರಲಿ. ಎರಡು ಗೋಡೆ ತೆಗೆದು ಒಂದು ಮೆಟ್ಟಿಲು ಹಾಕಿದರೂ ಸಾಕು, ಯಾಕೆ ಅನ್ನುವುದು ಕಾಣಬೇಕು. ಕೊನೆಗೆ ಜಾಗ ಉಳಿದರೆ ಆ ಬೂದು ಸೋಫಾದ ರೆಂಡರ್ ಒಂದು ಹಾಕಿಕೊಳ್ಳಿ, ನಾನೇನೂ ಬೇಡ ಅನ್ನುವುದಿಲ್ಲ.

ಎಸ್‌ಒಪಿಯಲ್ಲಿ (ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಬರೆಯುವ ಪತ್ರ) "ಚಿಕ್ಕಂದಿನಿಂದಲೂ ಮನೆ ಜೋಡಿಸುವುದೆಂದರೆ ನನಗೆ ಇಷ್ಟ" ಅಂತ ದಯವಿಟ್ಟು ಬರೆಯಬೇಡಿ. ಅಳೆದ ಕಟ್ಟಡದಲ್ಲಿ ನಿಮಗೆ ಉತ್ತರ ಸಿಗದ ಒಂದು ಪ್ರಶ್ನೆ ಇರುತ್ತದೆ. ಹಂಚಿನ ಕೆಳಗಿನ ಅಟ್ಟದ ಸೆಖೆ ಇಳಿಸುವುದು ಹೇಗೆ, ಮೂರು ಪಾಲಾದ ಮನೆಯ ಒಂದೇ ತೊಟ್ಟಿಯನ್ನು ಯಾರು ನೋಡಿಕೊಳ್ಳಬೇಕು, ಇಂಥದ್ದು. ಅದರಿಂದ ಶುರು ಮಾಡಿ. ಶಿಫಾರಸು ಪತ್ರಕ್ಕೆ ಎಚ್‌ಒಡಿಗಿಂತ ನಿಮ್ಮ ಸ್ಟುಡಿಯೊ ಮೇಷ್ಟ್ರು ಅಥವಾ ಮೇಡಂ ಒಳ್ಳೆಯದು. ಅವರಿಗೆ ನಿಮ್ಮ ಕೆಲಸ ಗೊತ್ತು.

ಕಾಗದ ಪತ್ರಕ್ಕೆ ಮೊದಲೇ ಓಡಿ. ವಿಟಿಯುನಲ್ಲಿ ಓದಿದವರು ಟ್ರಾನ್ಸ್‌ಕ್ರಿಪ್ಟ್‌ಗೆ ಬೇಗ ಅರ್ಜಿ ಹಾಕಿ. ಜರ್ಮನಿಗೆ ನಿಮ್ಮ ಓದಿನ ದಾಖಲೆ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಬೇಕು, ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ದುಡ್ಡು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದು ವರ್ಷಕ್ಕೆ 11,904 ಯೂರೋ ಆಯಿತು. ಆಗಾಗ ಏರುತ್ತಿರುತ್ತದೆ, ಹೊಸ ಮೊತ್ತ ನೋಡಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರು ರಾಜ್ಯದ ಪ್ರಬುದ್ಧ ವಿದ್ಯಾರ್ಥಿವೇತನದ ಬಗ್ಗೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ.

ಸೀಟು ಸಿಕ್ಕ ಮೇಲೆ ಕ್ಲಾಸು ಶುರುವಾಗುವವರೆಗೆ ಸಮಯ ಇರುತ್ತದಲ್ಲ, ಆಗ ಎಲ್ಲರೂ ಸಾಫ್ಟ್‌ವೇರ್ ಕೋರ್ಸಿಗೆ ಸೇರುತ್ತಾರೆ. ರೈನೊ, ರೆವಿಟ್ ಅಲ್ಲಿ ಹೋದ ಮೇಲೂ ಬರುತ್ತವೆ. ಅದರ ಬದಲು ಊರಿನ ಬಡಗಿಯ ಹತ್ತಿರ ಒಂದು ತಿಂಗಳು ಕೂತು ಬನ್ನಿ. ಒಂದು ಮರದ ತುದಿ ಇನ್ನೊಂದರ ತೂತಿಗೆ ಕೂರುವ ಹಾಗೆ ಹೇಗೆ ಕೊರೆಯುತ್ತಾರೆ, ಕಿಟಕಿ ಚೌಕಟ್ಟಿನ ಮೂಲೆ ಹೇಗೆ ಕೂಡಿಸುತ್ತಾರೆ, ಹಸಿ ಮರ ಒಣಗಿದರೆ ಎಲ್ಲಿ ಬಿರಿಯುತ್ತದೆ ಅಂತ ಕಲಿಯಿರಿ. ಮೊದಲ ಸೆಮಿಸ್ಟರಿನಲ್ಲೇ ನಿಜ ಅಳತೆಯ (1:1) ಜಾಯಿಂಟ್ ಮಾಡಿ ತನ್ನಿ ಅಂದರೆ ಗಾಬರಿಯಾಗುವುದಿಲ್ಲ.